ಹಸಿರು ಆನೆಗಳ ಅರ್ಧ ಗಂಟೆ

“ಅತ್ತೆ, ಸರಿಯಾಗಿ ಕೇಳಿಸ್ಕೊಳ್ಳಿ. ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಎರಡು ಚಮಚ ಎಣ್ಣೆ. ಕುದಿಯೋ ನೀರಿಗೆ ಹಸಿರು ಬಣ್ಣ ಹಾಕಿ, ಸ್ವಲ್ಪಸ್ವಲ್ಪಾನೇ ಹಿಟ್ಟಿಗೆ ಹುಯ್ದು, ಕೈಗೆ ಅಂಟದ ಹಾಗೆ ನಾದಿ. ಮಕ್ಕಳು ಆನೆ, ಇಲಿ ಮಾಡಿ ಆಡೋ ಹಿಟ್ಟು ಇದು. ನಾಳೆ ದೊಡ್ಡ ಟೀಚರು ನನ್ನ ಕ್ಲಾಸು ನೋಡೋಕೆ ಬರ್ತಾರೆ. ಹನ್ನೆರಡು ಮಕ್ಕಳೂ ಅರ್ಧ ಗಂಟೆ ಗಲಾಟೆ ಮಾಡದೆ ಕೂತ್ರೆ ನನ್ನ ಕೆಲಸ ಖಾಯಂ. ಇಲ್ಲಾಂದ್ರೆ ಮನೆಗೆ ಕಳಿಸ್ತಾರೆ. ನಾನೇ ಕಲಸ್ತಿದ್ದೆ, ಮೀಟಿಂಗಿಗೆ ಕರೆದುಬಿಟ್ರು. ನೀವು ಏನೂ ಯೋಚ್ನೆ ಮಾಡ್ಬೇಡಿ, ಹೇಳಿದಷ್ಟು ಮಾಡಿ ಸಾಕು.”

ಪುಟಾಣಿ ಮಕ್ಕಳ ಶಾಲೆಗೆ ಹೊಸದಾಗಿ ಟೀಚರಾಗಿ ಸೇರಿರುವ ನನ್ನ ಸೊಸೆ ಇಷ್ಟು ಹೇಳಿ ಚಪ್ಪಲಿ ಮೆಟ್ಟಿದಳು.

“ನೀನು ನಿಶ್ಚಿಂತೆಯಾಗಿ ಹೋಗಮ್ಮ! ಇಡೀ ಶಾಲೆ ಬೆರಗಾಗೋ ಹಾಗೆ ಮಾಡಿಡ್ತೀನಿ” ಎಂದು ಬೀಗಿದೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಹಿಟ್ಟು ನಾದುವುದರಲ್ಲಿ ಈ ಕೈಗಳಿಗೆ ಐವತ್ತು ವರ್ಷದ ಸರ್ವೀಸು!

ಎಲ್ಲವೂ ಸುಸೂತ್ರವಾಗಿತ್ತು, ಉಪ್ಪಿನ ಡಬ್ಬಿಗೆ ಕೈ ಹಾಕುವವರೆಗೆ. ಒಂದು ಲೋಟವೇ! ಕೈ ಮುಂದಕ್ಕೆ ಹೋಗಲೊಲ್ಲದು.

“ರೀ, ಎರಡು ಲೋಟ ಹಿಟ್ಟಿಗೆ ಒಂದು ಲೋಟ ಉಪ್ಪಂತೆ! ಪಾಪ, ಹುಡುಗಿಗೆ ಬಾಯಿ ತಪ್ಪಿರ್ಬೇಕು.”

ಪೇಪರಿನ ಹಿಂದಿನಿಂದ ನಮ್ಮವರು, “ತಿನ್ನೋಕಲ್ವಲ್ಲೇ, ಆಡೋಕೆ ತಾನೇ? ಹೇಳಿದಷ್ಟು ಹಾಕು” ಎಂದರು.

“ಮಕ್ಕಳ ಕೈ ಉರಿಯಲ್ವೇನ್ರೀ? ಇವತ್ತಿನವರೆಗೆ ನನ್ನ ಅಡುಗೇಲಿ ಉಪ್ಪು ಜಾಸ್ತಿ ಅಂತ ಒಬ್ಬರಾದ್ರೂ ಅಂದಿದ್ದಾರಾ?”

“ಅನ್ನೋಕೆ ಧೈರ್ಯ ಬೇಕಲ್ಲ!”

ಒಂದೇ ಚಿಟಿಕೆ ಹಾಕಿದೆ. ಆಮೇಲೆ ಮೂಸಿ ನೋಡಿದರೆ ಬರೀ ಹಸಿ ಹಿಟ್ಟಿನ ವಾಸನೆ. ನನ್ನ ಕೈಯಿಂದ ಇಂಥದ್ದು ಹೊರಗೆ ಹೋಗುವುದೇ? ಎಣ್ಣೆಯ ಬದಲು ತುಪ್ಪ ಬಿತ್ತು. ಎರಡು ಹಿಡಿ ಸಕ್ಕರೆ ಬಿತ್ತು. ಕೊನೆಗೆ ಏಲಕ್ಕಿಯೂ ಬಿತ್ತು!

ಮರುದಿನ ಡಬ್ಬಿ ಹೊತ್ತು ನಾನೂ ಶಾಲೆಗೆ ಹೋದೆ. ಸೊಸೆ ಒಬ್ಬೊಬ್ಬರಿಗೂ ಒಂದೊಂದು ಉಂಡೆ ಕೊಟ್ಟಳು. ಐದು ನಿಮಿಷ ಆಯಿತು, ಹತ್ತಾಯಿತು. ಎಲ್ಲರೂ ತಲೆ ತಗ್ಗಿಸಿ ಉಂಡೆಯ ಮೇಲೆ ಬಗ್ಗಿದ್ದಾರೆ, ಒಂದು ಸದ್ದಿಲ್ಲ! ಕಿಟಕಿಯಾಚೆ ನನ್ನ ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿದ್ದ ದೊಡ್ಡ ಟೀಚರು ಪಿಸುಗುಟ್ಟಿದರು: “ಏನು ಶಿಸ್ತು! ಇಂಥ ಕ್ಲಾಸು ನಾನು ನೋಡೇ ಇಲ್ಲ.”

“ಹಿಟ್ಟು ನಾನೇ ನಾದಿದ್ದು” ಎಂದೆ. ಸುಮ್ಮನಿರಬಾರದಿತ್ತೇ?

ಅರ್ಧ ಗಂಟೆ ತುಂಬಿತು. ದೊಡ್ಡ ಟೀಚರು ನಗುನಗುತ್ತಾ ಒಳಗೆ ಹೋಗಿ ಮುಂದಿನ ಸಾಲಿನ ಹುಡುಗಿಯನ್ನು ಕೇಳಿದರು: “ನಿನ್ನ ಆನೆ ಎಲ್ಲಿ ಪುಟ್ಟಿ?”

ಹುಡುಗಿ ಬಾಯಿ ತೆರೆದಳು. ಹಸಿರು ನಾಲಿಗೆ, ಹಸಿರು ಹಲ್ಲು! “ಸೊಂಡಿಲು ಮಾತ್ರ ಉಳಿದಿದೆ ಮಿಸ್.”

“ನನ್ನದು ಪೂರ್ತಿ ಖಾಲಿ! ಇನ್ನೊಂದು ಆನೆ ಕೊಡಿ ಮಿಸ್!” ಎಂದ ಹಿಂದಿನ ಸಾಲಿನವ.

ಸೊಸೆ ಒಂದು ಚೂರು ನಾಲಿಗೆಗಿಟ್ಟುಕೊಂಡಳು. ಮುಖ ಬಿಳಚಿಕೊಂಡಿತು. “ಅತ್ತೆ! ಉಪ್ಪೆಲ್ಲಿ? ಬಾಯಿಗಿಟ್ಟ ಮಗು ಥೂ ಅಂತ ಉಗೀಲಿ ಅಂತಾನೇ ಅಷ್ಟು ಉಪ್ಪು ಹಾಕೋದು!”

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಒಳಗೆ ಓಡಿ ದೊಡ್ಡ ಟೀಚರ ಕೈ ಹಿಡಿದೆ. “ಹುಡುಗೀದೇನೂ ತಪ್ಪಿಲ್ಲ ತಾಯಿ. ಅವಳು ಒಂದು ಲೋಟ ಅಂದಿದ್ಲು. ನಾನೇ ಹೆಚ್ಚು ತಿಳಿದವಳ ಹಾಗೆ ಚಿಟಿಕೆ ಹಾಕಿದೆ.”

ಅವರು ಮಕ್ಕಳನ್ನು ನೋಡಿದರು, ಗಡಿಯಾರ ನೋಡಿದರು, ಸೊಸೆಯನ್ನು ನೋಡಿದರು. “ಅರ್ಧ ಗಂಟೆ ಗಲಾಟೆ ಆಗಿಲ್ಲ, ಅದು ನಿಜ. ನಿಮ್ಮ ಕೆಲಸ ಖಾಯಂ.”

ನಾನು ಸೆರಗು ಕೊಡವಿ ನೆಟ್ಟಗೆ ನಿಂತೆ.

“ಆದ್ರೆ ಒಂದು ಷರತ್ತು” ಎಂದರು. “ಇನ್ನು ಮೇಲೆ ಹಿಟ್ಟು ನೀವೇ ಕಲಸಿ. ನಿಮ್ಮತ್ತೆ ಕೈಗೆ ಒಂದು ಒದ್ದೆ ಬಟ್ಟೆ ಕೊಡಿ, ಮಕ್ಕಳ ಬಾಯಿ ಒರೆಸ್ಲಿ.”

ಹನ್ನೆರಡು ಬಾಯಿಗಳು ಸಾಲಾಗಿ ನಿಂತವು.

“ಅಜ್ಜೀ, ನಾಳೆ ಕೆಂಪು ಆನೆ ಮಾಡ್ತೀರಾ?”

“ಮಾತಾಡ್ಬೇಡ ಮರಿ, ಬಾಯಿ ಈ ಕಡೆ ತಿರುಗಿಸು” ಎಂದು ಬಟ್ಟೆ ಹಿಂಡಿ ಒರೆಸತೊಡಗಿದೆ.