ಇಪ್ಪತ್ತೆರಡನೇ ಸ್ಥಾನದ ತಕರಾರು

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯಲ್ಲಿ, ಫ್ಯಾಕ್ಟರಿಯಲ್ಲಿ, ನಮ್ಮ ಮಾಕಳಿಯ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಎಲ್ಲರೂ ಹೇಳುತ್ತಾರೆ. ಶುದ್ಧ ಸುಳ್ಳು. ಸಿಟ್ಟು ಬೇಗ ಬರುವುದಿಲ್ಲ. ಬಂದದ್ದು ಹೋಗುವುದಿಲ್ಲ, ಅಷ್ಟೇ. ಅದರಲ್ಲೂ ಎರಡು ಪದ ಕಿವಿಗೆ ಬಿದ್ದರೆ ನನ್ನ ಮೈಯೆಲ್ಲ ಉರಿದುಹೋಗುತ್ತದೆ. ‘ಒಂದ್ಸಲ ನೋಡ್ಬಹುದು.’ ಈ ಊರಿನಲ್ಲಿ ಯಾರನ್ನಾದರೂ ‘ಸಿನಿಮಾ ಹೇಗಿತ್ರೀ?’ ಎಂದು ಕೇಳಿ ನೋಡಿ. ಚೆನ್ನಾಗಿದೆ ಎನ್ನಲು ಮನಸ್ಸು ಬರುವುದಿಲ್ಲ, ಕೆಟ್ಟದಾಗಿದೆ ಎನ್ನಲು ಧೈರ್ಯ ಸಾಲುವುದಿಲ್ಲ, ‘ಒಂದ್ಸಲ ನೋಡ್ಬಹುದು’ ಎಂದು ಕೈ ತೊಳೆದುಕೊಳ್ಳುತ್ತಾರೆ. ಅಯ್ಯಾ ಮಹಾನುಭಾವ, ಎರಡು ಸಲ ನೋಡು ಎಂದು ನಿನ್ನ ಕುತ್ತಿಗೆ ಹಿಡಿದವರು ಯಾರು? ನನ್ನ ಹೆಂಡತಿ ಮಾಡಿದ ಉಪ್ಪಿಟ್ಟಿಗೆ ‘ಒಂದ್ಸಲ ತಿನ್ನಬಹುದು’ ಎಂದು ಹೇಳಿ ನೋಡಿ, ಎರಡನೇ ಸಲ ನಿಮ್ಮ ಮುಂದೆ ತಟ್ಟೆಯೇ ಬರುವುದಿಲ್ಲ.

ನಾನು ಪೀಣ್ಯದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಮಷಿನ್‌ನಿಂದ ಬಂದ ಪ್ರತಿಯೊಂದು ಶಾಫ್ಟನ್ನೂ ಅಳೆಯುವುದು, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟುವುದು ನನ್ನ ಕೆಲಸ. ‘ಒಂದ್ಸಲ ಹಾಕ್ಬಹುದು’ ಎಂಬ ಚೀಟಿ ನಮ್ಮಲ್ಲಿಲ್ಲ. ಹಾಗೆಂದೇ ಪ್ರತಿ ಡಿಸೆಂಬರ್‌ನಲ್ಲಿ ನಾನು ಆ ವರ್ಷ ನೋಡಿದ ಕನ್ನಡ ಸಿನಿಮಾಗಳಿಗೆಲ್ಲ ಒಂದರಿಂದ ಕೊನೆಯವರೆಗೆ ಸ್ಥಾನ ಕೊಟ್ಟು, ಒಂದೊಂದಕ್ಕೂ ಎರಡು ಸಾಲಿನ ವಿಮರ್ಶೆ ಬರೆದು, ಕ್ಯಾಂಟೀನಿನ ನೋಟಿಸ್ ಬೋರ್ಡಿಗೆ ಅಂಟಿಸುತ್ತೇನೆ. ಯಾರೂ ಕೇಳಿಲ್ಲ, ನಿಜ. ಶಾಫ್ಟ್ ಕೂಡ ತನ್ನನ್ನು ಅಳೆಯಿರಿ ಎಂದು ಕೇಳುವುದಿಲ್ಲ.

ಈ ವರ್ಷ ಇಪ್ಪತ್ತೆರಡು ಸಿನಿಮಾ. ‘ಮದ್ವೆಯಾಗಿ ಇಪ್ಪತ್ತಾರು ವರ್ಷ ಆಯ್ತು, ನನ್ನ ಮುಖಾನ ಯಾವತ್ತಾದ್ರೂ ಇಷ್ಟು ಗಮನ ಇಟ್ಟು ನೋಡಿದೀರಾ?’ ಎಂದಳು ಹೆಂಡತಿ. ಅವಳೂ ನನ್ನ ಜೊತೆ ಕೂತು ನೋಡಿದ್ದರೆ ಕಷ್ಟ ಗೊತ್ತಾಗುತ್ತಿತ್ತು, ಮುಖದ್ದಲ್ಲ, ಸಿನಿಮಾದ್ದು. ನಾಯಕ ಕಾರಿನಿಂದ ಇಳಿಯುವುದಕ್ಕೆ ನಾಲ್ಕು ನಿಮಿಷ. ಮೊದಲು ಚಪ್ಪಲಿ, ಆಮೇಲೆ ಕೈಗಡಗ, ಆಮೇಲೆ ಗಡ್ಡ. ನಮ್ಮ ಕಂಪನಿ ಬಸ್ಸಿನಿಂದ ಹಾಗೆ ಇಳಿದು ನೋಡಲಿ, ಹಿಂದಿನವರು ಒದ್ದೇ ಇಳಿಸುತ್ತಾರೆ. ನಲವತ್ತು ಜನ ರೌಡಿಗಳು ಪಡಿತರ ಅಂಗಡಿಯ ಮುಂದೆ ನಿಂತವರ ಹಾಗೆ ಸರದಿಯಲ್ಲಿ ಬಂದು ಒಬ್ಬೊಬ್ಬರೇ ಹೊಡೆಸಿಕೊಂಡು ಹೋಗುತ್ತಾರೆ. ಇಷ್ಟೆಲ್ಲ ಸಹಿಸಿಕೊಂಡು ಬರೆದ ಪಟ್ಟಿಯನ್ನು ಓದಿ ಸ್ಟೋರ್ಸಿನ ಮಂಜುನಾಥ ಏನೆಂದ ಗೊತ್ತೇ? ‘ಹತ್ತೊಂಬತ್ತನೇದು ಅಷ್ಟೇನೂ ಕೆಟ್ಟದಾಗಿಲ್ಲ ಗುರು, ಒಂದ್ಸಲ ನೋಡ್ಬಹುದು ಕಣೋ.’ ಅವನೊಡನೆ ನಾನು ಮೂರು ದಿನ ಮಾತು ಬಿಟ್ಟೆ.

ನಾಲ್ಕನೇ ದಿನ, ಊಟದ ಹೊತ್ತಿನಲ್ಲಿ, ಯಮನಪ್ಪ ನನ್ನ ಮೇಜಿನ ಮುಂದೆ ಬಂದು ನಿಂತ. ಬಾಗಲಕೋಟೆ ಕಡೆಯವನು, ಲೇಥ್ ಆಪರೇಟರ್, ಕಾರ್ಖಾನೆಯ ಹಿಂದೆಯೇ ಬಾಡಿಗೆ ರೂಮು. ಅವನ ಕೈಯಿಂದ ಬಂದ ಶಾಫ್ಟಿಗೆ ನಾನು ಈವರೆಗೆ ಕೆಂಪು ಚೀಟಿ ಕಟ್ಟಿಲ್ಲ. ಅಂಥವನು ಅಳುಮುಖ ಮಾಡಿಕೊಂಡಿದ್ದ.

‘ಸರ, ಆ ಇಪ್ಪತ್ತೆರಡನೇ ಪಿಚ್ಚರ್ ಐತಲ್ರೀ, ಅದನ್ನ ಇಪ್ಪತ್ತೊಂದು ಮಾಡ್ರಿ.’

‘ಯಾಕಪ್ಪಾ?’

‘ಅದರಾಗ ನಮ್ಮವ್ವ ಅದಾಳ್ರಿ.’

ಅವನ ಊರಿನಲ್ಲಿ ಚಿತ್ರೀಕರಣ ನಡೆದಿತ್ತಂತೆ. ಒಂದು ಮುದುಕಿಯ ಪಾತ್ರಕ್ಕೆ ಅವನ ತಾಯಿಯನ್ನು ಆರಿಸಿದ್ದರಂತೆ. ಯಾವ ಪಾತ್ರ ಎಂದರೆ ಆಕೆ ಬಾಯಿ ಬಿಟ್ಟಿರಲಿಲ್ಲ, ‘ನೀನ ನೋಡಲಾ’ ಎಂದಿದ್ದಳಂತೆ. ಇವನು ಭಾನುವಾರ ನೋಡೋಣ ಎಂದು ಕಾದ. ಶುಕ್ರವಾರ ಬಂದ ಸಿನಿಮಾ ಶನಿವಾರವೇ ಎತ್ತಂಗಡಿಯಾಯಿತು. ಅವರ ಊರಿನ ಹತ್ತಿರದ ಟಾಕೀಸಿಗೆ ಅದು ಬರಲೇ ಇಲ್ಲ. ಈಗ ಅವನಿಗೆ ಗೊತ್ತಿರುವವರಲ್ಲಿ ಅದನ್ನು ನೋಡಿದವನು ನಾನೊಬ್ಬನೇ.

ನನಗೆ ರೇಗಿತು. ‘ಲೇ ಯಮನಪ್ಪ, ಅಳತೆ ಅಂದ್ರೆ ಅಳತೆ. ನಿಮ್ಮವ್ವ ಇದಾರೆ ಅಂತ ನಂಬರ್ ಬದಲಾಯಿಸಿದ್ರೆ ನಾಳೆ ಇನ್ನೊಬ್ಬ ಅವನ ಷಡ್ಕ ಇದಾನೆ ಅಂತಾನೆ!’ ಎಂದು ಇಡೀ ಕ್ಯಾಂಟೀನಿಗೆ ಕೇಳುವಂತೆ ಕೂಗಾಡಿದೆ. ‘ಹೋಗ್ಲಿ ಬಿಡ್ರಿ ಸರ. ಅವ್ವ ಹೆಂಗ ಮಾಡ್ಯಾಳ, ಅದನ್ನಾರ ಹೇಳ್ರಿ. ದಿನಾ ಫೋನ್ ಮಾಡಿ ಕೇಳ್ತಾಳ’ ಎಂದ ಅವನು.

ಈಗ ನಿಮ್ಮ ಹತ್ತಿರ ಮಾತ್ರ ಹೇಳುತ್ತೇನೆ. ಆ ಸಿನಿಮಾಕ್ಕೆ ನಾನು ಹೋದದ್ದು ಶನಿವಾರ ಬೆಳಗಿನ ಆಟಕ್ಕೆ. ಇದ್ದವರು ಐದು ಜನ. ತಣ್ಣನೆಯ ಗಾಳಿ, ಹಿಂದಕ್ಕೆ ಬಾಗುವ ಸೀಟು. ನಾಯಕನ ಚಪ್ಪಲಿ ನೋಡಿದ ನೆನಪಿದೆ. ಗಡ್ಡ ಬರುವ ಹೊತ್ತಿಗೆ ನಾನಿರಲಿಲ್ಲ. ಕಸ ಗುಡಿಸುವಾಕೆ ‘ಸಾರ್, ಪಿಚ್ಚರ್ ಮುಗೀತು, ಏಳಿ’ ಎಂದು ತಟ್ಟಿ ಎಬ್ಬಿಸಿದಳು. ಮನೆಗೆ ಬಂದು, ನಿದ್ದೆ ಬಂದದ್ದೇ ಸಾಕ್ಷಿ ಎಂದು, ‘ಯಾರೊಬ್ಬರ ಅಭಿನಯದಲ್ಲೂ ಜೀವವಿಲ್ಲ’ ಎಂದು ಬರೆದು ಕೊನೆಯ ಸ್ಥಾನಕ್ಕೆ ತಳ್ಳಿದೆ. ಒಂದ್ಸಲ ನೋಡ್ಬಹುದು ಎನ್ನುವವರ ಮೇಲೆ ಹರಿಹಾಯುವ ನಾನು ಒಂದು ಸಲವೂ ನೋಡಿರಲಿಲ್ಲ. ಅಳೆಯದೆ ಚೀಟಿ ಕಟ್ಟಿದವನನ್ನು ನಮ್ಮ ಕಾರ್ಖಾನೆಯಲ್ಲಿ ಅದೇ ದಿನ ಮನೆಗೆ ಕಳಿಸುತ್ತಾರೆ.

ನನ್ನ ಮೇಲೆಯೇ ಹುಟ್ಟಿದ ಸಿಟ್ಟನ್ನು ಎಲ್ಲಿ ಇಡುವುದೆಂದು ತಿಳಿಯದೆ ಮುದ್ದೆ ಮುರಿಯುತ್ತಾ ಕೂತಿದ್ದಾಗ ಯಮನಪ್ಪನ ಫೋನ್ ಹೊಡೆದುಕೊಂಡಿತು. ‘ಅವ್ವಂದ ರೀ. ನೀವ ಮಾತಾಡ್ರಿ’ ಎಂದು ನನ್ನ ಕಿವಿಗೇ ಹಿಡಿದುಬಿಟ್ಟ.

‘ನಮಸ್ಕಾರ್ರೀ ಸಾಹೇಬ್ರ’ ಎಂದಿತು ಆ ಕಡೆಯ ಧ್ವನಿ. ಆಮೇಲೆ ಗುಟ್ಟಿನ ದನಿಯಲ್ಲಿ, ‘ಮಗ ದೂರ ಅದಾನೇನ್ರಿ? ಅವಂಗ ಹೇಳಬ್ಯಾಡ್ರಿ, ಸಿಟ್ಟಾಗ್ತಾನ. ನಾ ಅದರಾಗ ಹೆಣಾ ಆಗೀನ್ರಿ.’

ಮುರಿದ ಮುದ್ದೆಯನ್ನು ನಾನು ತಟ್ಟೆಗೇ ಹಾಕಿದೆ.

‘ಎರಡ ದಿನ ಬಿಸಿಲಾಗ ಚಟ್ಟದ ಮ್ಯಾಲ ಮಲಗ್ಸಿದ್ರು. ಉಸಿರಾಡಿದ್ರ ಹೊಟ್ಟಿ ಅಲುಗಾಡ್ತೈತಿ ಅಂತ ಬೈತಿದ್ರು. ಭಾಳ ಬಿಗಿ ಹಿಡದೀನ್ರಿ, ಆದ್ರೂ ಕಡೀಕೊಮ್ಮೆ ಬಿಟ್ಟೆ ಅಂತ ನನಗ ಅನುಮಾನ. ಆವತ್ತಿಂದ ಅದ ಚಿಂತಿ. ನೀವು ಜೀವ ಇಲ್ಲ ಅಂತ ಬರದೀರಂತ, ಮಗ ಓದಿ ಹೇಳಿದ. ಖರೇ ಏನ್ರಿ? ನನ್ನ ಉಸಿರು ಕಾಣ್ಲಿಲ್ಲೇನ್ರಿ?’

ಯಮನಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಪಕ್ಕದ ಮೇಜಿನಿಂದ ಮಂಜುನಾಥನೂ ನೋಡುತ್ತಿದ್ದ.

‘ಇಲ್ಲ ತಾಯಿ’ ಎಂದೆ. ‘ನನಗಂತೂ ಕಾಣಲೇ ಇಲ್ಲ.’

ಆಕೆ ‘ಅಬ್ಬಾ!’ ಎಂದು ದೊಡ್ಡ ಉಸಿರು ಬಿಟ್ಟದ್ದು ನನ್ನ ಕಿವಿಗೆ ಕೇಳಿಸಿತು. ಈ ವರ್ಷ ನಾನು ಮಾಡಿದ ಇಪ್ಪತ್ತೆರಡು ವಿಮರ್ಶೆಗಳಲ್ಲಿ ಅಪ್ಪಟ ಸತ್ಯವಾದದ್ದು ಅದೊಂದೇ.