ಚಹಾದ ಹೊತ್ತಿಗೇ ಗೋಡೆ ಬಿಟ್ಟೇಳುವ ಕೋಶಗಳ ಕುರಿತು

ಮೀನು ಭ್ರೂಣ ವೀಕ್ಷಣಾ ವಿಭಾಗ
ಸಂಖ್ಯೆ: ಮೀ.ಭ್ರೂ.ವಿ/ಚಹಾ/32

ವಿಷಯ: ರಕ್ತದ ಕಾಂಡಕೋಶಗಳು ಹುಟ್ಟುವ ಹೊತ್ತಿಗೆ ಸಿಬ್ಬಂದಿ ಯಾರೂ ಹಾಜರಿಲ್ಲದಿದ್ದ ಬಗ್ಗೆ.

ಉಲ್ಲೇಖ: 1. "ಅಂಥದ್ದೇನೂ ಕಂಡುಬಂದಿಲ್ಲ" ಎಂಬ ಈ ವಿಭಾಗದ ನಾಲ್ಕು ವಾರ್ಷಿಕ ವರದಿಗಳು.
2. ತೊಟ್ಟಿ ತೊಳೆಯುವಾಕೆಯ ಮೌಖಿಕ ಹೇಳಿಕೆ (ಕೇಳಿಸದ ಕಾರಣ ಮೂರು ಸಲ ಹೇಳಿಸಲಾಗಿದೆ).

ಬೆಳಿಗ್ಗೆ ಎಂಟಕ್ಕೆ ದೀಪ ಹಾಕಿದೊಡನೆ ಮೀನುಗಳು ಮೊಟ್ಟೆಯಿಡುತ್ತವೆ. ಸುಮಾರು ಮೂವತ್ತೆರಡು ಗಂಟೆಯ ನಂತರ, ಗಾಜಿನಂತಿರುವ ಭ್ರೂಣದ ಮಹಾಧಮನಿಯ ತಳಗೋಡೆಯಲ್ಲಿ ತೆಪ್ಪಗಿದ್ದ ಕೋಶವೊಂದು ಬಾಗಿ, ಗುಂಡಗಾಗಿ, ಗೋಡೆ ಬಿಟ್ಟೆದ್ದು ಹೊರಡುತ್ತದೆ. ಇದೇ ಕಾಂಡಕೋಶ; ಆಯುಷ್ಯವಿಡೀ ಹರಿಯುವ ರಕ್ತಕ್ಕೆಲ್ಲ ಇಂಥವೇ ಬೀಜ. ಎಂಟಕ್ಕೆ ಮೂವತ್ತೆರಡು ಗಂಟೆ ಕೂಡಿಸಿದರೆ ಮರುದಿನ ಸಂಜೆ ನಾಲ್ಕು. ನಾಲ್ಕಕ್ಕೆ ವಿಭಾಗಕ್ಕೆ ವಿಭಾಗವೇ ಚಹಾಕ್ಕೆ ಹೋಗುವುದು ವಾಡಿಕೆ. ಈ ಕೂಡುವ ಲೆಕ್ಕ ನಾಲ್ಕು ವರ್ಷ ಯಾವ ಪದವೀಧರರಿಗೂ ಹೊಳೆಯಲಿಲ್ಲ. ಆದ್ದರಿಂದ:

1. ಏಳನೆಯ ತರಗತಿಗೇ ಶಾಲೆ ಬಿಟ್ಟ ತೊಟ್ಟಿ ತೊಳೆಯುವಾಕೆ, ನಾಲ್ಕು ಜನರೆದುರು ಲೋಟ ಹಿಡಿಯಲು ನಾಚಿ, ಗೋಡೆ ಬದಿಯ ಸ್ಟೂಲಿನಲ್ಲೇ ಉಳಿದು, ಸೂಕ್ಷ್ಮದರ್ಶಕದ ಪರದೆಯಲ್ಲಿ ಇದನ್ನು ಹನ್ನೊಂದು ಸಲ ಕಂಡಿರುವುದಾಗಿ ಈ ಮೂಲಕ ಒಪ್ಪಲಾಗಿದೆ. "ಬಾಯಿಗೆ ಬೀಗ ಹಾಕ್ಕೊಂಡಿದ್ಯೇನಮ್ಮಾ ಇಷ್ಟ್ ದಿನ?" ಎಂಬ ಮುಖ್ಯಸ್ಥರ ಪ್ರಶ್ನೆಗೆ ಆಕೆಯ ಉತ್ತರ: "ನಿಮ್ಗೆಲ್ಲ ಗೊತ್ತಿರತ್ತೆ ಅಂದ್ಕೊಂಡೆ ಸಾರ್."

2. ನಮಗೆ ಗೊತ್ತಿರಲಿಲ್ಲ. ಈ ವಾಕ್ಯವನ್ನು ಕಡತದಿಂದ ಹೊರಗೆ ಒಯ್ಯತಕ್ಕದ್ದಲ್ಲ.

3. ಕೋಶಗಳು ಇನ್ನು ಮುಂದೆ ಚಹಾ ಮುಗಿದ ಮೇಲೆಯೇ ಗೋಡೆ ಬಿಡತಕ್ಕದ್ದು; ಬಿಡುವ ಮುನ್ನ ಪಕ್ಕದ ಕೋಶಕ್ಕೆ ಪ್ರಭಾರ ವಹಿಸತಕ್ಕದ್ದು.

4. ಅವು ಒಪ್ಪದಿದ್ದಲ್ಲಿ, ಮೊಟ್ಟೆಯಿಡುವ ವೇಳೆಯ ಬಗ್ಗೆ ಮೀನುಗಳೊಡನೆ ಪತ್ರವ್ಯವಹಾರ ನಡೆಸುವುದು. ಚಹಾವನ್ನೇ ಅರ್ಧ ಗಂಟೆ ಮುಂದೂಡೋಣವೆಂದ ಕಿರಿಯ ಸಂಶೋಧಕರಿಗೆ ಕಾರಣ ಕೇಳಿ ನೋಟಿಸು ನೀಡಲಾಗಿದೆ.

5. ವರದಿಯಲ್ಲಿ "ಮೊದಲು ಕಂಡವರು" ಎಂಬ ಅಂಕಣ ಖಾಲಿ ಇದೆ. ನಾಳೆ ನಾಲ್ಕಕ್ಕೆ ತೊಟ್ಟಿ ತೊಳೆಯುವಾಕೆ ಚಹಾ ಕೋಣೆಯ ಸಭೆಯಲ್ಲಿ ಎದ್ದು ನಿಂತು, ಕೊನೆಯ ಸಾಲಿಗೂ ಕೇಳುವಂತೆ, ಕಂಡದ್ದನ್ನು ಹೇಳತಕ್ಕದ್ದು. ಹೇಳದಿದ್ದಲ್ಲಿ, ಆ ವೇಳೆಗೆ ಬಿಸ್ಕತ್ತು ಅದ್ದುತ್ತಿದ್ದ ಮುಖ್ಯಸ್ಥರೇ ಕಂಡರೆಂದು ಭಾವಿಸಲಾಗುವುದು.

6. ಅಕ್ಷರ ದುಂಡಗಿರುವ ಕಾರಣ ಈ ಸುತ್ತೋಲೆಯನ್ನು ಆಕೆಯಿಂದಲೇ ಬರೆಸಲಾಗಿದೆ. ಐದನೆಯ ಅಂಶದಲ್ಲಿ ಬಿದ್ದ ಶಾಯಿಯ ಕಲೆಯನ್ನು ಸುತ್ತೋಲೆಯ ಭಾಗವೆಂದೇ ಓದಿಕೊಳ್ಳತಕ್ಕದ್ದು. ಅದೇ ಅಂಶದ ಕೊನೆಯ ವಾಕ್ಯದ ಮೇಲೆ ಯಾರೋ ನೆಟ್ಟಗೆ ಗೆರೆ ಎಳೆದು ಹೊಡೆದುಹಾಕಿದ್ದಾರೆ. ಯಾರೆಂದು ತನಿಖೆ ಅಗತ್ಯವಿಲ್ಲ.

ಸಹಿ/-
ವಿಭಾಗದ ಮುಖ್ಯಸ್ಥರ ಪರವಾಗಿ
(ಮುಖ್ಯಸ್ಥರು ಚಹಾಕ್ಕೆ ಹೋಗಿರುತ್ತಾರೆ)

ಪ್ರತಿಗಳು:
ಚಹಾ ಕೋಣೆಯ ಬಾಗಿಲಿಗೆ, ಅಂಟಿಸಲು.
ಮಹಾಧಮನಿಯ ತಳಗೋಡೆಗೆ, ಪಾಲನೆಗಾಗಿ.
ಎದ್ದು ಹೋದ ಕೋಶಕ್ಕೆ. ಸದ್ಯದ ವಿಳಾಸ ಬಾಲದ ಬುಡ, ಮುಂದೆ ಮೂತ್ರಪಿಂಡ (ಮೀನಿಗೆ ರಕ್ತ ತಯಾರಾಗುವುದು ಅಲ್ಲೇ).
ಗೋಡೆ ಬದಿಯ ಸ್ಟೂಲಿಗೆ, ನಾಳೆ ನಾಲ್ಕಕ್ಕೆ ಖಾಲಿಯಾಗಲಿದೆ ಎಂಬ ಮಾಹಿತಿಗಾಗಿ.