ಹಿಂದಿನ ಎರಡು ಚಕ್ರ ಮತ್ತು ಉಡದ ಪಟ್ಟು

"ಹಿಂದಿನ ಚಕ್ರದ ಮನೆಯಿಂದ ನಾನು ಸೊಸೆ ತರೋದಿಲ್ಲ!"

"ತರಬೇಡಿ! ನಾಲ್ಕು ಚಕ್ರಕ್ಕೂ ಜಂಬ ತುಂಬಿಕೊಂಡಿರೋ ಮನೆಗೆ ನಾನೂ ಮಗಳನ್ನ ಕೊಡೋದಿಲ್ಲ!"

ಮೊದಲ ಮಾತು ಮರಡಿಕೆರೆಯ ಮಂಡಕ್ಕಿ ಭಟ್ಟಿ ತಿಪ್ಪೇರುದ್ರಪ್ಪನವರದು. ಎರಡನೆಯದು ನನ್ನದು. ನಮ್ಮಿಬ್ಬರ ನಡುವೆ ತಾಂಬೂಲದ ತಟ್ಟೆ. ಅವರ ಮಗ ಕೊಟ್ರೇಶನಿಗೂ ನನ್ನ ಮಗಳು ದಾಕ್ಷಾಯಣಿಗೂ ಪರಸ್ಪರ ಒಪ್ಪಿಗೆಯಾಗಿ, ತಟ್ಟೆ ಬದಲಾಯಿಸುವುದೊಂದೇ ಬಾಕಿ ಇತ್ತು. ಅಷ್ಟರಲ್ಲಿ ಬೀಗರು ಅಂಗಳದಲ್ಲಿ ನಿಂತಿದ್ದ ನಮ್ಮ ಕೆಂಪು ಸ್ಪೋರ್ಟ್ಸ್ ಕಾರಿನ ಕೆಳಗೆ ಬಗ್ಗಿ ನೋಡಿ, "ಹಿಂದಿನ ಎರಡು ಚಕ್ರಕ್ಕೆ ಮಾತ್ರ ಇಂಜಿನ್ ಶಕ್ತಿನಾ? ಪಾಪ!" ಅಂದರು.

ಆ 'ಪಾಪ' ನನ್ನ ನೆತ್ತಿಗೇರಿತು! ಲಾರಿ ಓಡಿಸಿ ಬದುಕಿದವನು ನಾನು. ಭಾರ ಹೊರುವ ಲಾರಿಗೆ ಹಿಂದಿನ ಚಕ್ರ, ಉಳುವ ಟ್ರ್ಯಾಕ್ಟರಿಗೆ ಹಿಂದಿನ ಚಕ್ರ. ಹಿಂದಿನಿಂದ ತಳ್ಳುವವನೇ ಗಂಡಸು!

"ಗಾಡಿ ನಿಂತಲ್ಲಿಂದ ನೆಗೆಯೋವಾಗ ನಾಲ್ಕೂ ಚಕ್ರ ನೆಲ ಕಚ್ಚಬೇಕು ಕಣ್ರೀ," ಅಂದರು ಬೀಗರು. ಅವರ ನೀಲಿ ಕಾರು ಆ ಜಾತಿಯದು. "ನಿಮ್ಮದು ಇದ್ದಲ್ಲೇ ಗಿರಗಿರ ತಿರುಗಿ ಹೊಗೆ ಬಿಡ್ತೈತೆ, ಅಷ್ಟೇ."

"ವೇಗ ಹತ್ತಿದ ಮೇಲೆ ನೋಡಿ! ನಮ್ಮದು ಹಗುರ. ನಿಮ್ಮದು ಮುಂದಿನ ಚಕ್ರ ತಿರುಗಿಸೋ ಕಬ್ಬಿಣಾನೆಲ್ಲ ಹೊತ್ಕೊಂಡು ಓಡಬೇಕು."

"ಹಾಗಾದ್ರೆ ಪಂದ್ಯ! ನಮ್ಮೂರ ಕಮಾನು ಯಾರು ಮೊದಲು ದಾಟ್ತಾರೆ ನೋಡೋಣ. ನೀವು ಗೆದ್ರೆ ಸಂಬಂಧ ಗಟ್ಟಿ. ಸೋತ್ರೆ ತಾಂಬೂಲ ನನ್ನ ಜೊತೆ ವಾಪಸ್!"

ದಾಕ್ಷಾಯಣಿ ಬಾಗಿಲ ಹಿಂದಿನಿಂದ ಬಂದವಳು ನನ್ನ ಕಿವಿಯಲ್ಲಿ, "ಅಪ್ಪಾ, ಚಕ್ರ ಹಾಳಾಗಿ ಹೋಗಲಿ. ನನ್ನ ಮದುವೆ ನಿಂತ್ರೆ ಆ ಕಾರನ್ನ ನಾನೇ ಸುಡ್ತೀನಿ," ಅಂದಳು. ಸಿಟ್ಟಿನಲ್ಲಿ ಥೇಟ್ ನನ್ನ ಹಾಗೇ!

ಆಗ ಎದ್ದ ನೋಡಿ ನನ್ನ ಹೆಂಡತಿಯ ತಮ್ಮ ಬಕ್ಕೇಶ. ಎರಡು ಮುರಿದ ಕಾರು ಸೇರಿಸಿ ಈ ಕೆಂಪು ಕಾರು ಮಾಡಿದವನು ಅವನೇ. ಕಂಕುಳಲ್ಲಿ ಒಂದು ಬೂದು ಡಬ್ಬಿ.

"ಭಾವಾ, ಹೆದರಬೇಡ. ಇದರ ಹೆಸರು 'ಉಡ'! ಇದನ್ನ ಯಾವುದಕ್ಕೆ ತಗುಲಿಸಿದ್ರೂ ಅದು ಉಡದ ಪಟ್ಟು ಹಿಡೀತೈತೆ. ಹಿಂದಿನ ಚಕ್ರಕ್ಕೆ ತಗುಲಿಸಿಬಿಟ್ರೆ ಜಾರೋ ಮಾತೇ ಇಲ್ಲ!"

ಅಂಗಳದ ಚಪ್ಪಡಿಗೆ ಎಣ್ಣೆ ಸುರಿದು, ಅದರ ಮೇಲೆ ಬೀಗರನ್ನೇ ನಿಲ್ಲಿಸಿ, ಅವರ ಚಪ್ಪಲಿಗೆ ತಂತಿ ತಗುಲಿಸಿ ಗುಂಡಿ ಒತ್ತಿದ. ಬೀಗರು ಕಾಲೆತ್ತಲು ನೋಡಿದರು. ಆಗಲಿಲ್ಲ! ಹಲ್ಲು ಕಚ್ಚಿ ಜಗ್ಗಿದರು. ಚಪ್ಪಲಿ ಬಂತು. ಜೊತೆಗೆ ಚಪ್ಪಡಿಯೂ ಕಿತ್ತು ಬಂತು!

"ನೋಡಿದ್ರಾ ಪಟ್ಟು!" ಎಂದು ಬಕ್ಕೇಶ ಕುಣಿದ.

"ನನ್ನ ಅಂಗಳ ಕಿತ್ತೆಯಲ್ಲೋ ಹಾಳಾದೋನೇ!" ಎಂದು ನನ್ನ ಹೆಂಡತಿ ಹಾಲಮ್ಮ ಕೂಗಿದಳು.

ನಮ್ಮ ಮನೆ ಮುಂದಿನಿಂದ ಮರಡಿಕೆರೆಯವರೆಗೆ ದಾರದಂಥ ನೇರ ರಸ್ತೆ. ಎರಡು ಕಾರೂ ಅಕ್ಕಪಕ್ಕ ನಿಂತವು. ನನ್ನ ಪಕ್ಕದಲ್ಲಿ ಬಕ್ಕೇಶ, ಅವನ ತೊಡೆಯ ಮೇಲೆ, ಹಿಂದಿನ ಚಕ್ರಕ್ಕೆ ತಂತಿ ಎಳೆದ ಉಡ. ಕೊಟ್ರೇಶ ಟವೆಲು ಬೀಸಿದ.

ಬೀಗರ ಕಾರು ಕವಣೆ ಕಲ್ಲಿನ ಹಾಗೆ ಚಿಮ್ಮಿತು! ನಿಜ ಹೇಳಬೇಕು, ನಾಲ್ಕು ಚಕ್ರವೂ ಒಂದೇ ಸಲ ನೆಲ ಕಚ್ಚಿದವು, ಚೂರೂ ಜಾರಲಿಲ್ಲ. ನಮ್ಮದು? ಅವರು ಹೇಳಿದಂತೆಯೇ ಗಿರಗಿರ! ಹೊಗೆಯೋ ಹೊಗೆ! ಟೈರು ಸುಟ್ಟ ವಾಸನೆ!

"ಒತ್ತೋ ಬಕ್ಕೇಶ! ಮದುವೆ ಹೋಯ್ತು, ಒತ್ತೋ!"

ಒತ್ತಿದ. ಹೊಗೆ ನಿಂತಿತು. ಚಕ್ರ ಕಚ್ಚಿತು. ಮೀಟರಿನ ಮುಳ್ಳು ನೂರು ದಾಟಿತು, ನೂರೈವತ್ತು ದಾಟಿತು! ಮೈಲಿಗಲ್ಲುಗಳು ಸರಸರ ಹಿಂದೆ ಓಡಿದವು.

"ಭಾವಾ, ಹಾರ್ತಾ ಇದೀವಿ!"

"ಹಾರ್ತಾ ಇದ್ರೆ ಆ ಬೇವಿನ ಮರ ಯಾಕೋ ಇನ್ನೂ ನನ್ನ ಪಕ್ಕದಲ್ಲೇ ಐತೆ?"

ಅದು ನಮ್ಮ ಮನೆಯ ಬೇವಿನ ಮರ! ಹಿಂದೆ ತಿರುಗಿ ನೋಡಿದೆ. ಕಳ್ಳರ ಭಯಕ್ಕೆ ಈ ಕಾರನ್ನು ಕಲ್ಲು ತುಂಬಿದ ನನ್ನ ಲಾರಿಗೆ ಉದ್ದನೆಯ ಸರಪಳಿಯಿಂದ ಕಟ್ಟಿಡುವುದು ನನ್ನ ವಾಡಿಕೆ. ಪಂದ್ಯದ ಗದ್ದಲದಲ್ಲಿ ಬಿಚ್ಚುವುದು ಮರೆತಿದ್ದೆ. ರಸ್ತೆಯಾಚೆ ಹೊಲದ ಅಂಚಿನಲ್ಲಿ ಲಾರಿ ಗುಡ್ಡದ ಹಾಗೆ ಕೂತಿತ್ತು. ಕಾರು ಮುಂದೆ ಹೋಗುವಂತಿಲ್ಲ, ಚಕ್ರ ಜಾರುವಂತಿಲ್ಲ. ಇನ್ನು ಸರಿಯಬೇಕಾದ್ದು ಯಾವುದು? ರಸ್ತೆ!

ನಮ್ಮ ಚಕ್ರ ರಸ್ತೆಯನ್ನು ಎಳೆದೆಳೆದು ಹಿಂದೆ ಚಾಪೆಯ ಹಾಗೆ ಸುತ್ತುತ್ತಿತ್ತು! ಸುರುಳಿ ಆಗಲೇ ನಮ್ಮ ಮಾಳಿಗೆಯಷ್ಟು ಎತ್ತರ. ಹಾಲಮ್ಮ ಅದರ ಮುಂದೆ ನಿಂತು ಪೊರಕೆ ಬೀಸುತ್ತಿದ್ದಳು.

"ನಿಲ್ಲಿಸೋ!"

"ಗುಂಡಿ ಒಳಗೇ ಕಚ್ಚಿಕೊಂಡೈತೆ ಭಾವಾ! ಉಡ ಅಲ್ವಾ!"

ಅಷ್ಟರಲ್ಲಿ ಎದುರಿಗೆ ನೀಲಿ ಚುಕ್ಕೆ ಕಂಡಿತು. ಬೀಗರ ಕಾರು! ಮುಖ ಮರಡಿಕೆರೆಯ ಕಡೆಗೇ ಇದೆ, ನಾಲ್ಕು ಚಕ್ರವೂ ಮುಂದಕ್ಕೇ ತಿರುಗುತ್ತಿವೆ, ಕಾರು ಮಾತ್ರ ಹಿಂದಕ್ಕೆ ಬರುತ್ತಿದೆ! ಹಲ್ಲು ಕಚ್ಚಿ ಕುಳಿತಿದ್ದ ಬೀಗರು ನಮ್ಮ ಪಕ್ಕದಲ್ಲೇ ಹಿಂದೆ ಸರಿಯುತ್ತಾ ಕಿಟಕಿಯಿಂದ, "ಮೋಸ!" ಎಂದು ಕಿರುಚಿದರು.

"ನಮಸ್ಕಾರ ಬೀಗರೇ!" ಅಂದೆ. ಇನ್ನೇನು ಹೇಳಲಿ?

ಅವರ ಹಿಂದೆಯೇ ಮರಡಿಕೆರೆಯ ಕಮಾನು ಬಂತು. ಗಾಳಿಯಂತೆ ನಮ್ಮ ತಲೆಯ ಮೇಲಿಂದ ಹಾದುಹೋಯಿತು. ಅದರ ಹಿಂದೆ, ಅಯ್ಯೋ, ಒಂದು ಮನೆ! ಊರಿನ ಬೇರೆ ಮನೆ ಒಂದೂ ಅಲುಗಿರಲಿಲ್ಲ. ಇದು ಮಾತ್ರ ಬಂತು. ಯಾಕೆಂದರೆ ಇದರ ಯಜಮಾನರು ಜಗಲಿಯನ್ನು ರಸ್ತೆಯ ಮೇಲೆ ಒತ್ತಿ ಕಟ್ಟಿಸಿದ್ದರು. ಯಜಮಾನರು ಯಾರೆಂದು ಹೇಳಬೇಕೇ?

ತಿಪ್ಪೇರುದ್ರಪ್ಪನವರ ಮನೆ ನಮ್ಮ ಮನೆಯ ಎದುರಿಗೆ ಬಂದದ್ದೇ ತಡ, ಪೆಟ್ರೋಲು ಮುಗಿದು ಚಕ್ರ ನಿಂತಿತು. ಬೀಗಿತ್ತಿ ಗೌರವ್ವ ಮಂಡಕ್ಕಿಯ ಮರಳು ಸೋಸುವ ಜರಡಿ ಹಿಡಿದೇ ಹೊರಗೆ ಬಂದು ಅತ್ತಿತ್ತ ನೋಡಿದರು. "ಹಾಲಮ್ಮಾ, ನೀನ್ಯಾವಾಗ ನಮ್ಮೂರಿಗೆ ಬಂದೆ?"

"ನಾನಲ್ಲಕ್ಕಾ, ನೀವೇ ಬಂದಿರೋದು!"

ಬೀಗರು ಸುರುಳಿಯ ಸಂದಿಯಲ್ಲಿ ಸಿಕ್ಕಿದ್ದ ಕಾರಿನಿಂದ ತೆವಳಿ ಬಂದರು. "ಇದು ಲೆಕ್ಕಕ್ಕಿಲ್ಲ! ನಿಮ್ಮ ಕಾರು ಒಂದು ಗೇಣೂ ಸರಿದಿಲ್ಲ!"

"ಕಾರು ಕಮಾನು ದಾಟಿದ್ರೂ ಒಂದೇ, ಕಮಾನು ಕಾರು ದಾಟಿದ್ರೂ ಒಂದೇ ರೀ!" ಅಂದ ಬಕ್ಕೇಶ. "ವಿಜ್ಞಾನದಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ!"

"ನಿನ್ನ ವಿಜ್ಞಾನಕ್ಕೆ ಬೆಂಕಿ ಹಾಕ! ನಡಿಯೋ ಕೊಟ್ರೇಶ, ಮನೆಗೆ ಹೋಗೋಣ!"

ಕೊಟ್ರೇಶ ತಲೆ ಕೆರೆದುಕೊಂಡ. "ಮನೆ ಇದೇ ಅಲ್ವೇನಪ್ಪಾ?"

ದಾಕ್ಷಾಯಣಿ ಬಾಯಿಗೆ ಸೆರಗು ಒತ್ತಿಕೊಂಡಳು. ನಗೆ ತಡೆಯಲಾರದೆ ಇರಬೇಕು! ಗಂಡನ ಮನೆಗೆ ಹೋಗುವ ಹುಡುಗಿಯರನ್ನು ನೋಡಿದ್ದೇನೆ. ಗಂಡನ ಮನೆಯೇ ಎದುರಿಗೆ ಬಂದು ನಿಂತಿದ್ದು ನನ್ನ ಮಗಳೊಬ್ಬಳಿಗೇ. ಗೌರವ್ವನವರು ಜರಡಿ ಕೆಳಗಿಟ್ಟು, ನಮ್ಮ ಜಗಲಿಯಲ್ಲೇ ಉಳಿದಿದ್ದ ತಾಂಬೂಲದ ತಟ್ಟೆ ಎತ್ತಿ ಹಾಲಮ್ಮನ ಕೈಗಿಟ್ಟರು. "ಇಷ್ಟು ದೂರ ಬಂದಾಯ್ತು, ಇನ್ನೇನು!" ಅಂದರು.

"ಗೌರೀ!" ಎಂದು ಬೀಗರು ಗುಡುಗಿದರು. ಆಕೆ ತಿರುಗಿಯೂ ನೋಡಲಿಲ್ಲ.

"ಹಾಗಾದ್ರೆ ಈ ಮನೆ ನಂಗೆ ಬ್ಯಾಡ! ನಾನು ಮರಡಿಕೆರೆಗೇ ಹೋಗ್ತೀನಿ!"

"ಅಲ್ಲಿ ಬರೀ ಪಾಯ ಐತೆ ರೀ!" ಎಂದು ನಾನು ಕೂಗಿದೆ.

"ಪಾಯದ ಮೇಲೇ ಮಲಗ್ತೀನಿ!"

ಪಂಚೆ ಎತ್ತಿ ಕಟ್ಟಿ, ಜೋಳದ ಹೊಲಕ್ಕೆ ಇಳಿದು ಹೋದವರು ಇವತ್ತಿಗೂ ಬಂದಿಲ್ಲ. ಮದುವೆಗೂ ಬರಲಿಲ್ಲ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವರು ಹೋಗುವುದನ್ನು ಹೊಲದ ಬದುವಿನವರೆಗೆ ಕಣ್ಣಿಟ್ಟು ನೋಡಿದ್ದೇನೆ: ಪ್ರತಿ ಹೆಜ್ಜೆಗೂ ಹಿಂದಿನ ಕಾಲನ್ನೇ ಒತ್ತಿ ತಳ್ಳುತ್ತಿದ್ದರು.